ಬಿಲ್ ನಮ್ಮದು, ಟೆರೇಸ್ ಯಾರದು?

ಜೋಗೇಶ್ವರಿ ಪೂರ್ವದ ಯಾವುದೇ ಹಳೆಯ ನಾಲ್ಕು ಮಾಳಿಗೆಯ ಕಟ್ಟಡದ ಸೆಕ್ರೆಟರಿಯ ಮುಂದೆ ಸೋಲಾರ್ ಮಾತೆತ್ತಿ ನೋಡಿ. ಬೇಡ ಅನ್ನುವುದಿಲ್ಲ. ಒಳ್ಳೆಯ ವಿಷಯ ಅನ್ನುತ್ತಾರೆ, ಮೋದಿಯವರ ಯೋಜನೆ ಟಿವಿಯಲ್ಲಿ ನೋಡಿದ್ದೇನೆ ಅನ್ನುತ್ತಾರೆ, ಸಬ್ಸಿಡಿ ಎಷ್ಟೆಂದು ಕೇಳುತ್ತಾರೆ. ಚಹಾ ಮುಗಿಯುವ ಹೊತ್ತಿಗೆ ನಿಜವಾದ ಉತ್ತರ ಬರುತ್ತದೆ: "ಬಿಲ್ಡಿಂಗೇ ಹೋಗ್ತದೆ ಮಾರಾಯ್ರೆ, ಇನ್ನೆಂತ ಸೋಲಾರ್?"

ಈ ಒಂದು ಮಾತಿನಲ್ಲಿ ಮುಂಬಯಿ ಉಪನಗರದ ನವೀಕರಿಸಬಹುದಾದ ಇಂಧನದ ಕಥೆ ಮುಕ್ಕಾಲು ಪಾಲು ಬಂದುಬಿಟ್ಟಿತು. ಜನರಿಗೆ ಅರಿವಿಲ್ಲ, ಜಾಗೃತಿ ಮೂಡಿಸಬೇಕು ಎಂದು ಸಭೆಗಳಲ್ಲಿ ಭಾಷಣ ಮಾಡುವವರನ್ನು ಕಂಡರೆ ನನಗೆ ಬೇಸರವಾಗುವುದು ಇದಕ್ಕೇ. ಅರಿವಿಗೆ ಇಲ್ಲಿ ಕೊರತೆಯಿಲ್ಲ. ತಿಂಗಳ ಕರೆಂಟ್ ಬಿಲ್ಲಿನ ಹಿಂಬದಿಯ ಸ್ಲ್ಯಾಬ್ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡ ಗೃಹಿಣಿಯರು ಈ ಊರಲ್ಲಿದ್ದಾರೆ. ಇಲ್ಲದಿರುವುದು ಬೇರೆಯೇ: ತನ್ನದು ಎಂದು ಹೇಳಿಕೊಳ್ಳಬಹುದಾದ, ಇನ್ನು 25 ವರ್ಷ ಅಲ್ಲೇ ಇರುತ್ತದೆ ಎಂದು ನಂಬಬಹುದಾದ ಒಂದು ಮಾಡು.

ಸೋಲಾರ್ ಪ್ಯಾನೆಲ್‌ಗೆ ತಯಾರಕರು ಕೊಡುವ ಭರವಸೆ ಸಾಮಾನ್ಯವಾಗಿ 25 ವರ್ಷದ್ದು. ಜೋಗೇಶ್ವರಿಯ ಹಳೆಯ ಕಟ್ಟಡಗಳಿಗೆ ಅಂಥ ಭರವಸೆ ಕೊಡುವವರು ಯಾರೂ ಇಲ್ಲ. ಮಜಾಸ್, ಮೇಘವಾಡಿ, ಪ್ರತಾಪ್ ನಗರ, ಬಾಂದ್ರೇಕರ್ ವಾಡಿ, ಹಳಿಯ ಆಚೆಗೆ ಬೆಹ್ರಾಮ್ ಬಾಗ್ - ಎಲ್ಲಿ ನಡೆದರೂ ಒಂದೋ ಕಟ್ಟಡ ಕೆಡವುತ್ತಿದ್ದಾರೆ, ಇಲ್ಲವೇ ಕೆಡವಲು ಬಿಲ್ಡರನ ಜೊತೆ ಮಾತುಕತೆಯಲ್ಲಿದ್ದಾರೆ. ಪೂನಂ ನಗರದ ಪಿಎಂಜಿಪಿ ಕಾಲೊನಿಯನ್ನೇ ನೋಡಿ. 1990ರ ದಶಕದ ಆರಂಭದಲ್ಲಿ ರಾಜ್ಯದ ವಸತಿ ಸಂಸ್ಥೆ ಮ್ಹಾಡಾ ಕಟ್ಟಿಸಿದ 17 ಕಟ್ಟಡಗಳು, ಸುಮಾರು ಸಾವಿರ ಕುಟುಂಬಗಳು. ಮೂವತ್ತು ವರ್ಷ ತುಂಬುವ ಮೊದಲೇ ಗೋಡೆ ಬಿರುಕುಬಿಟ್ಟು, ಪುನರ್ನಿರ್ಮಾಣದ ಮಾತು ಎದ್ದು, ವರ್ಷಗಳ ಕಾಲ ಕಡತದಿಂದ ಕಡತಕ್ಕೆ ಓಡಾಡಿತು. ಅಂಥ ಕಟ್ಟಡದ ನೆತ್ತಿಯ ಮೇಲೆ 25 ವರ್ಷದ ಯಂತ್ರ ಕೂರಿಸಲು ಯಾರಿಗೆ ಧೈರ್ಯ ಬಂದೀತು? ಇಂದು ಬೀಳುತ್ತದೋ, ಇನ್ನು ಹತ್ತು ವರ್ಷ ಹೀಗೇ ನಿಲ್ಲುತ್ತದೋ ಹೇಳುವವರಿಲ್ಲ. ಈ ಅನಿಶ್ಚಿತತೆಯೇ ಜೋಗೇಶ್ವರಿಯ ಸ್ಥಿರಾಸ್ತಿ.

ಹಣ ಹಾಕುವ ಕಂಪನಿಗಳೂ ಇದನ್ನು ಬಲ್ಲವು. ನೀವು ಬಿಡಿಗಾಸು ಕೊಡಬೇಡಿ, ನಾವೇ ಪ್ಯಾನೆಲ್ ಹಾಕುತ್ತೇವೆ, ಯೂನಿಟ್ ಲೆಕ್ಕದಲ್ಲಿ ಕಡಿಮೆ ದರ ಕೊಟ್ಟರೆ ಸಾಕು ಎನ್ನುವ ವ್ಯವಸ್ಥೆಯೊಂದಿದೆ. ಕಾರ್ಖಾನೆ, ಕಾಲೇಜು, ಆಸ್ಪತ್ರೆಗಳಲ್ಲಿ ಅದು ಚೆನ್ನಾಗಿಯೇ ನಡೆದಿದೆ. ಆದರೆ ಅವರು ಕೇಳುವುದು ದೀರ್ಘಾವಧಿಯ ಕರಾರು, 15-20 ವರ್ಷಗಳದ್ದು. ನಮ್ಮ ಸೊಸೈಟಿಯ ಕನ್ವೇಯನ್ಸ್ ಪತ್ರ ಎಲ್ಲಿದೆ ಎಂದು ಕೇಳಿದ ಕೂಡಲೇ ಮಾತುಕತೆ ಮುಗಿಯುತ್ತದೆ.

ಈ ಕನ್ವೇಯನ್ಸ್ ಎಂಬುದು ಮುಂಬಯಿಯ ಹೊರಗಿನ ಓದುಗರಿಗೆ ವಿಚಿತ್ರವೆನಿಸಬಹುದು. ಕಟ್ಟಡ ಕಟ್ಟಿ ಫ್ಲ್ಯಾಟ್ ಮಾರಿದ ಬಿಲ್ಡರ್, ಜಾಗವನ್ನೂ ಕಟ್ಟಡವನ್ನೂ ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು; 1963ರ ಮಹಾರಾಷ್ಟ್ರದ ಫ್ಲ್ಯಾಟ್ ಮಾಲೀಕತ್ವ ಕಾನೂನು ಹಾಗೆ ಹೇಳುತ್ತದೆ. ಬರೆದುಕೊಡದೆ ಹೋದವರು ಬೇಕಾದಷ್ಟು ಜನ. ಅದಕ್ಕೇ ಮುಂದೆ 'ಡೀಮ್ಡ್ ಕನ್ವೇಯನ್ಸ್' ಎಂಬ ಪರಿಹಾರ ಬಂತು. ಬಿಲ್ಡರ್ ಸಹಿ ಹಾಕದಿದ್ದರೂ ಸೊಸೈಟಿ ಅರ್ಜಿ ಹಾಕಿ ಹಕ್ಕು ಪಡೆಯಬಹುದು. ಹೀಗಿದ್ದೂ ಎಷ್ಟೋ ಸೊಸೈಟಿಗಳು ಮೂವತ್ತು ವರ್ಷದಿಂದ ಮೇಂಟೆನೆನ್ಸ್ ವಸೂಲು ಮಾಡುತ್ತಿವೆ, ಟೆರೇಸ್ ಮೇಲೆ ಗಣಪತಿ ಕೂರಿಸುತ್ತಿವೆ, ಹಪ್ಪಳ ಒಣಗಿಸುತ್ತಿವೆ, ಆದರೆ ಕಾಗದದ ಪ್ರಕಾರ ಆ ಟೆರೇಸ್ ಬೇರೆಯವರದು.

ಟೆರೇಸ್ ಕೂಡ ಖಾಲಿ ಬಿದ್ದಿಲ್ಲ. ನೀರಿನ ಟ್ಯಾಂಕ್, ಲಿಫ್ಟಿನ ಕೋಣೆ, ಡಿಶ್ ಆಂಟೆನಾಗಳ ಸಾಲು. ಬಾಡಿಗೆಯ ಆಸೆಗೆ ಕೊಟ್ಟ ಮೊಬೈಲ್ ಟವರ್. ಮಳೆಗಾಲದಲ್ಲಿ ಸೋರುತ್ತದೆಂದು ಇಡೀ ಟೆರೇಸಿಗೆ ಹೊದಿಸಿದ ತಗಡಿನ ಪತ್ರಾ. ಮೇಲಿನ ಮಾಳಿಗೆಯವರಿಗೆ ಒಂದೇ ಭಯ: ಪ್ಯಾನೆಲ್ ನಿಲ್ಲಿಸಲು ಸ್ಲ್ಯಾಬಿಗೆ ತೂತು ಕೊರೆದರೆ ಜೂನ್‌ನಲ್ಲಿ ನೀರು ಇಳಿಯುವುದು ತಮ್ಮ ಹಾಸಿಗೆಯ ಮೇಲೆ. ಲಾಭ ಎಲ್ಲರಿಗೂ, ಸೋರುವುದು ನಮಗೊಬ್ಬರಿಗೆ ಎಂದು ಅವರು ಜನರಲ್ ಬಾಡಿಯಲ್ಲಿ ಎದ್ದು ನಿಂತರೆ ಉಳಿದವರು ಬಾಯಿ ಮುಚ್ಚಲೇಬೇಕು, ಯಾಕೆಂದರೆ ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಇದಕ್ಕೆ ತಾಂತ್ರಿಕ ಉತ್ತರವಿದೆ. ಸ್ಲ್ಯಾಬ್ ಕೊರೆಯದೆ ಕಾಂಕ್ರೀಟ್ ದಿಮ್ಮಿಗಳ ಭಾರದ ಮೇಲೆ ಚೌಕಟ್ಟು ನಿಲ್ಲಿಸಬಹುದು, ಪತ್ರಾ ಚೌಕಟ್ಟು ಗಟ್ಟಿಯಿದ್ದರೆ ಅದರ ಮೇಲೂ ಹಾಸಬಹುದು. ಆದರೆ ಹಳೆಯ ಸ್ಲ್ಯಾಬ್ ಆ ಭಾರ ಹೊರುತ್ತದೆಯೇ ಎಂಬುದಕ್ಕೆ ಎಂಜಿನಿಯರ್ ಪರೀಕ್ಷೆ ಬೇಕು, ಅದಕ್ಕೆ ಖರ್ಚಿದೆ, ಮತ್ತು ಪರೀಕ್ಷೆ ಮಾಡಿಸಿದರೆ ಕಟ್ಟಡ ಅಪಾಯಕಾರಿ ಎಂದು ವರದಿ ಬಂದೀತೆಂಬ ಅಳುಕು ಕಮಿಟಿಗೆ ಇದ್ದೇ ಇದೆ. ಪರೀಕ್ಷೆಯನ್ನೇ ಮಾಡಿಸದೆ ಇರುವುದು ಕ್ಷೇಮ ಎನ್ನುವುದು ಬರೆಯದ ನಿಯಮ.

ನೆರಳಿನ ವಿಚಾರ ಇನ್ನೊಂದು. ಪಕ್ಕದ ಪ್ಲಾಟಿನಲ್ಲಿ ಇಪ್ಪತ್ತು ಮಾಳಿಗೆಯ ಟವರ್ ಎದ್ದರೆ ನಾಲ್ಕು ಮಾಳಿಗೆಯವರ ಬಿಸಿಲು ಅರ್ಧ ದಿನಕ್ಕೆ ಇಳಿಯುತ್ತದೆ. 1882ರ ಈಸ್ಮೆಂಟ್ ಕಾನೂನು, ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಬಂದ ಗಾಳಿ ಬೆಳಕಿನ ಮೇಲೆ ಕಟ್ಟಡಕ್ಕೆ ಹಕ್ಕು ಹುಟ್ಟುತ್ತದೆ ಎನ್ನುತ್ತದೆ. ಅದನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಕಿಟಕಿ, ಪ್ಯಾನೆಲ್ ಅಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಕಿಲೋವ್ಯಾಟ್ ಸೋಲಾರಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಬೇಕು. ಅದು ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್‌ನಷ್ಟು ಕೊಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ತೀರಾ ಇಳಿಯುತ್ತದೆ, ಮಾರ್ಚ್, ಏಪ್ರಿಲ್‌ನಲ್ಲಿ ಏರುತ್ತದೆ. 32 ಮನೆಗಳ ಕಟ್ಟಡವೊಂದನ್ನು ತೆಗೆದುಕೊಳ್ಳಿ. ಟ್ಯಾಂಕು, ಟವರು, ನೆರಳು ಎಲ್ಲ ಕಳೆದು 1,500 ಚದರ ಅಡಿ ಸಿಕ್ಕಿತೆನ್ನಿ. 15 ಕಿಲೋವ್ಯಾಟ್, ತಿಂಗಳಿಗೆ ಹೆಚ್ಚೆಂದರೆ 1,800 ಯೂನಿಟ್. ಮನೆಗೆ 200 ಯೂನಿಟ್ ಹಿಡಿದರೂ 32 ಮನೆಗಳಿಗೆ ಬೇಕಾದದ್ದು 6,400. ಅಂದರೆ ಮೂರನೇ ಒಂದಕ್ಕಿಂತಲೂ ಕಡಿಮೆ. ಕಟ್ಟಡ ಇಪ್ಪತ್ತು ಮಾಳಿಗೆಯದ್ದಾದರೆ ಮಾಡು ಅಷ್ಟೇ ಇರುತ್ತದೆ, ಕೆಳಗಿನ ಮನೆಗಳು ಐದು ಪಟ್ಟಾಗುತ್ತವೆ. ಮೇಲಕ್ಕೆ ಬೆಳೆದ ನಗರ ತನ್ನ ನೆತ್ತಿಯ ಬಿಸಿಲಿನಿಂದಲೇ ಬದುಕಲಾರದು. ಮಾರಾಟಗಾರರು ಈ ಮಾತನ್ನು ಮೊದಲೇ ಹೇಳಿದರೆ ಅರ್ಧ ಜಗಳ ತಪ್ಪುತ್ತದೆ.

ಹಾಗೆಂದು ಟೆರೇಸಿನ ಸೋಲಾರ್ ವ್ಯರ್ಥವಲ್ಲ. ಲಿಫ್ಟ್, ನೀರಿನ ಪಂಪ್, ಮೆಟ್ಟಿಲಿನ ದೀಪ - ಇವು ಮೂರೂ ಓಡುವ ಸೊಸೈಟಿಯ ಕಾಮನ್ ಮೀಟರಿಗೆ ಅದು ಅಚ್ಚುಕಟ್ಟಾಗಿ ಹೊಂದುತ್ತದೆ. ಫೆಬ್ರವರಿ 2024ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ 75,021 ಕೋಟಿ ರೂಪಾಯಿಯ 'ಪಿಎಂ ಸೂರ್ಯ ಘರ್' ಯೋಜನೆಯಲ್ಲಿ ಸ್ವಂತ ಮನೆಯವರಿಗೆ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಎಂದು ಎಲ್ಲರೂ ಕೇಳಿದ್ದಾರೆ. ಹೌಸಿಂಗ್ ಸೊಸೈಟಿಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ, 500 ಕಿಲೋವ್ಯಾಟ್‌ವರೆಗೆ ಇದೆ ಎಂಬುದನ್ನು ಕೇಳಿದವರು ಕಡಿಮೆ. 10 ಕಿಲೋವ್ಯಾಟಿಗೆ ಐದಾರು ಲಕ್ಷ ಖರ್ಚಾದರೆ 1.8 ಲಕ್ಷ ಸರಕಾರದಿಂದ ಬರುತ್ತದೆ. ಕಾಮನ್ ಮೀಟರ್ ಮೇಲಿನ ಸ್ಲ್ಯಾಬುಗಳಲ್ಲಿ ಓಡುವುದರಿಂದ ಉಳಿಯುವ ಪ್ರತಿ ಯೂನಿಟ್ ಹತ್ತು ರೂಪಾಯಿಯ ಆಸುಪಾಸಿನದು. ಹಾಕಿದ ಹಣ ಸುಮಾರು ಮೂರು ವರ್ಷಕ್ಕೆ ಹಿಂದಿರುಗುತ್ತದೆ. 2024ರಲ್ಲೇ ಬದಲಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ಕಂಪನಿಯ ತಾಂತ್ರಿಕ ಪರಿಶೀಲನೆಯ ನೆಪವೂ ಇಲ್ಲ. ಅರ್ಜಿ ಒಪ್ಪಿದಂತೆಯೇ ಲೆಕ್ಕ.

ಇಲ್ಲಿಯೇ ನನಗೆ ಹೆಚ್ಚು ಚುಚ್ಚುವ ಸಂಗತಿಯಿರುವುದು. ಕಾಮನ್ ಮೀಟರಿನ ಬಿಲ್ಲಿನಿಂದ ನಿಜವಾಗಿ ಸಾಯುತ್ತಿರುವುದು ಝೋಪಡಪಟ್ಟಿ ಪುನರ್ವಸತಿಯ ಎಸ್‌ಆರ್‌ಎ ಕಟ್ಟಡಗಳು. ಚಾಳಿನಲ್ಲಿ, ಝೋಪಡಿಯಲ್ಲಿ ಇದ್ದವರಿಗೆ ಪುಕ್ಕಟೆ ಮನೆ ಸಿಕ್ಕಿತು; ಜೊತೆಗೆ ಲಿಫ್ಟ್ ಬಂತು, ಪಂಪ್ ಬಂತು, ಮೇಂಟೆನೆನ್ಸ್ ಬಂತು. ಮನೆಗೆಲಸ, ರಿಕ್ಷಾ, ಫೇರಿವಾಲಾ ದುಡಿಮೆಯಲ್ಲಿ ಬದುಕುವ ಕುಟುಂಬಗಳು ಮೇಂಟೆನೆನ್ಸ್ ಕಟ್ಟಲಾರದೆ ತಡಮಾಡುತ್ತವೆ, ಬಿಲ್ ಬಾಕಿ ಬೀಳುತ್ತದೆ, ಲಿಫ್ಟ್ ನಿಲ್ಲುತ್ತದೆ, ಹದಿನಾಲ್ಕನೇ ಮಾಳಿಗೆಯ ಅಜ್ಜಿ ಮನೆಯಲ್ಲೇ ಉಳಿಯುತ್ತಾಳೆ. ಈ ಕಟ್ಟಡಗಳು ಹೊಸವು, ಸದ್ಯಕ್ಕೆ ಬೀಳುವವಲ್ಲ, ಟೆರೇಸ್ ಗಟ್ಟಿ. ಸೋಲಾರ್ ಎಲ್ಲಿಗಾದರೂ ಹೇಳಿ ಮಾಡಿಸಿದ್ದರೆ ಅದು ಇಲ್ಲಿಗೇ. ಆದರೆ ಮೊದಲ ಕಂತಿನ ಹಣ ಅವರ ಬಳಿ ಇಲ್ಲ, ಸಾಲ ಕೊಡುವ ಬ್ಯಾಂಕಿಗೆ ಸೊಸೈಟಿಯ ಲೆಕ್ಕಪತ್ರ ಬೇಕು, ಅದೂ ಸರಿಯಿಲ್ಲ. ಪುನರ್ವಸತಿ ಕಟ್ಟಡಕ್ಕೆ ಅನುಮತಿ ಕೊಡುವಾಗಲೇ ಸಾಮಾನ್ಯ ಮೀಟರಿಗಾಗುವಷ್ಟು ಸೋಲಾರನ್ನು ಬಿಲ್ಡರನ ತಲೆಗೇ ಕಟ್ಟಬೇಕು ಎಂದು ನನ್ನ ಖಚಿತ ಅಭಿಪ್ರಾಯ. ಮಾರುವ ಕಟ್ಟಡದಲ್ಲಿ ಈಜುಕೊಳ ಕಟ್ಟಲು ಹಣವಿರುವವನಿಗೆ ಇದು ಹೊರೆಯಲ್ಲ.

ಜನ ಯಾಕೆ ಬದಲಾಗುತ್ತಾರೆ ಎಂಬುದಕ್ಕೆ ಭೂಮಿ ಬಿಸಿಯಾಗುವುದನ್ನು ಮುಂದಿಡುವವರಿದ್ದಾರೆ. ಆ ಕಾಳಜಿ ಸುಳ್ಳಲ್ಲ. ಆದರೆ ಕಮಿಟಿ ಮೀಟಿಂಗಿನಲ್ಲಿ ಮತ ಬೀಳುವುದು ಬಿಲ್ಲಿಗೆ. ನಮ್ಮ ಊರಿನ ಉದಾಹರಣೆ ನೋಡಿದರೆ ಇದು ಇನ್ನೂ ಸ್ಪಷ್ಟ. ಉಡುಪಿ, ಕುಂದಾಪುರ, ಬಂಟ್ವಾಳದ ಕಡೆ ಮುಂಬಯಿಯ ಕರಾವಳಿ ಕನ್ನಡಿಗರಾದ ನಮ್ಮಲ್ಲಿ ಹೆಚ್ಚಿನವರಿಗೆ ಮನೆಯಿದೆ, ವಿಶಾಲವಾದ ಮಾಡಿದೆ, ಯಾರನ್ನೂ ಕೇಳಬೇಕಾಗಿಲ್ಲ. ಆದರೆ 2023ರ ಜುಲೈಯಿಂದ ಕರ್ನಾಟಕದ ಗೃಹಜ್ಯೋತಿ ಯೋಜನೆ ಬಂದು, ಹಿಂದಿನ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, 200 ಯೂನಿಟ್ ಮೀರದಂತೆ ಕರೆಂಟ್ ಪುಕ್ಕಟೆಯಾಗಿದೆ. ಬಿಲ್ಲೇ ಸೊನ್ನೆ ಬರುವ ಮನೆಯವರಿಗೆ ಸೋಲಾರ್ ಹಾಕಿ ಎನ್ನಲು ಯಾವ ಬಾಯಿ? ಊರಲ್ಲಿ ಮಾಡುಂಟು, ಬಿಲ್ಲಿಲ್ಲ. ಜೋಗೇಶ್ವರಿಯಲ್ಲಿ ಬಿಲ್ಲುಂಟು, ಮಾಡಿಲ್ಲ. ಬಡವರಿಗೆ ಪುಕ್ಕಟೆ ಕರೆಂಟ್ ಕೊಡಬಾರದೆಂದು ನಾನು ಹೇಳುತ್ತಿಲ್ಲ. ಕೊಟ್ಟ ಮೇಲೆ ಜನರಿಗೆ ಆಸಕ್ತಿ ಇಲ್ಲವೆಂದು ದೂರುವುದು ತಪ್ಪು.

ಕರ್ನಾಟಕವೇ ಇದಕ್ಕೆ ವಿರುದ್ಧವಾದ ಪಾಠವನ್ನೂ ಕಲಿಸಿದೆ. ಬೆಂಗಳೂರಿನ ಮಾಡುಗಳ ಮೇಲೆ ಸೋಲಾರ್ ಬಿಸಿನೀರಿನ ಹಂಡೆಗಳು ಇಷ್ಟೊಂದು ಕಾಣುವುದು ಅಲ್ಲಿನವರು ನಮಗಿಂತ ಪರಿಸರಪ್ರೇಮಿಗಳೆಂದಲ್ಲ. 2007ರ ಹೊತ್ತಿಗೆ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿದರು, ಹಾಕಿದವರಿಗೆ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟರು. ಸಣ್ಣ ಮೊತ್ತ, ಆದರೆ ಪ್ರತಿ ತಿಂಗಳ ಬಿಲ್ಲಿನಲ್ಲಿ ಅಚ್ಚಾಗಿ ಬರುವ ಮೊತ್ತ. ಮುಂದೆ 2013ರಲ್ಲಿ ಮಾಡಿನ ಸೋಲಾರ್ ವಿದ್ಯುತ್ತಿಗೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಯೂನಿಟ್‌ಗೆ 9.56 ರೂಪಾಯಿ ಎಂದು ಘೋಷಿಸಿದಾಗ ಜನ ಮುಗಿಬಿದ್ದರು. 2016ರಲ್ಲಿ ದರ ಇಳಿಯಿತು. ಒಪ್ಪಂದಕ್ಕೆ ಸಹಿ ಹಾಕಿಯೂ ಕೆಲಸ ತಡವಾದವರು ಹಳೆಯ ದರಕ್ಕಾಗಿ ಅಲೆದಾಡಿದರು. ಪ್ಯಾನೆಲ್ ಬೆಲೆ ಇಳಿದಂತೆ ದರ ಇಳಿಸುವುದು ನ್ಯಾಯವೇ ಇರಬಹುದು. ಆದರೆ ಒಬ್ಬ ಅಲೆದಾಡಿದ ಸುದ್ದಿ ಹತ್ತು ಜನರ ಉತ್ಸಾಹ ತಗ್ಗಿಸುತ್ತದೆ, ಅದನ್ನು ಮತ್ತೆ ಏರಿಸುವ ಸಬ್ಸಿಡಿ ಯಾವುದೂ ಇಲ್ಲ.

ಹಣದಾಚೆಗೆ ಪ್ರೇರಣೆ ಇಲ್ಲವೇ ಇಲ್ಲವೇ? ಇದೆ. ಹೊಗೆಯನ್ನು ಹತ್ತಿರದಿಂದ ಕಂಡವರಲ್ಲಿ ಇದೆ. ಜೋಗೇಶ್ವರಿಗೆ ಬರುವ ಕರೆಂಟಿನ ಒಂದು ದೊಡ್ಡ ಪಾಲು ಬಹುಕಾಲದಿಂದ ಡಹಾಣುವಿನ ಕಲ್ಲಿದ್ದಲು ಸ್ಥಾವರದ್ದು. 1929ರಲ್ಲಿ ಹುಟ್ಟಿದ ಬಿಎಸ್‌ಇಎಸ್ ಕಂಪನಿ, ಅದನ್ನೇ ಮುಂದೆ ರಿಲಯನ್ಸ್ ಕೊಂಡದ್ದು, 2018ರಲ್ಲಿ ಅದಾನಿಗೆ ಹೋದದ್ದು, 1990ರ ದಶಕದ ಮಧ್ಯದಲ್ಲಿ ಅಲ್ಲಿ 500 ಮೆಗಾವ್ಯಾಟಿನ ಸ್ಥಾವರ ನಿಲ್ಲಿಸಿತು. ಡಹಾಣು ಅಂದರೆ ಚಿಕ್ಕು ತೋಟಗಳ ನಾಡು. ಸುಪ್ರೀಂ ಕೋರ್ಟ್ ಆದೇಶದಿಂದ 1996ರಲ್ಲಿ ನ್ಯಾಯಮೂರ್ತಿ ಚಂದ್ರಶೇಖರ ಧರ್ಮಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಪರಿಸರ ಸಂರಕ್ಷಣಾ ಪ್ರಾಧಿಕಾರವೊಂದು ಕೂತು, ವರ್ಷಗಳ ಒತ್ತಡದ ನಂತರ ಗಂಧಕ ಸೋಸುವ ಘಟಕ ಹಾಕಿಸಿತು. ಇದನ್ನು ಓದುವಾಗ ಪಡುಬಿದ್ರಿ ಕಡೆಯವರಿಗೆ ಎಲ್ಲೂರು ನೆನಪಾಗದೆ ಇರದು. ಅಲ್ಲಿನ 1,200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ 2015ರಿಂದ ಇದೇ ಅದಾನಿಯವರದು. ಹಾರುಬೂದಿಯಿಂದ ಶಂಕರಪುರ ಮಲ್ಲಿಗೆ ಕರಟುತ್ತದೆ, ಉಪ್ಪುನೀರು ಬಾವಿಗೆ ಇಳಿಯುತ್ತದೆ ಎಂದು ಊರವರು ವರ್ಷಗಟ್ಟಲೆ ಹೋರಾಡಿದರು. 2022ರಲ್ಲಿ ಹಸಿರು ನ್ಯಾಯಪೀಠ 52 ಕೋಟಿ ರೂಪಾಯಿ ಪರಿಹಾರ ಕಟ್ಟುವಂತೆ ಆದೇಶಿಸಿತು. ಅಲ್ಲಿಯ ಮಲ್ಲಿಗೆ, ಇಲ್ಲಿಯ ಚಿಕ್ಕು. ನಾವು ಮೊದಲನೆಯದನ್ನು ಊರ ಸಂಕಟವೆಂದು ಮರುಗಿದೆವು, ಎರಡನೆಯದರ ಬೆಳಕಿನಲ್ಲಿ ಕೂತು ಟಿವಿ ನೋಡಿದೆವು.

ತಮಾಷೆಯೆಂದರೆ ಮುಂಬಯಿಗೆ ಮೊದಲ ದೊಡ್ಡ ವಿದ್ಯುತ್ತು ಬಂದದ್ದೇ ನವೀಕರಿಸಬಹುದಾದ ಮೂಲದಿಂದ. ಟಾಟಾ ಕಂಪನಿ 1915ರಲ್ಲಿ ಖೋಪೋಲಿಯಿಂದ, ಆಮೇಲೆ ಭಿವಪುರಿ, ಭಿರಾಗಳಿಂದ ಸಹ್ಯಾದ್ರಿಯ ಮಳೆನೀರನ್ನು ಇಳಿಸಿ ಗಿರಣಿಗಳನ್ನು ಓಡಿಸಿತು. ಅದೂ ನೋವಿಲ್ಲದೆ ಬರಲಿಲ್ಲ. ಮುಳಶಿ ಕಣಿವೆಯ ರೈತರು 1921ರಲ್ಲಿ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹ ಹೂಡಿದರು, ಸೇನಾಪತಿ ಬಾಪಟ್ ಎಂಬ ಹೆಸರು ಪ್ರಸಿದ್ಧವಾದದ್ದು ಅಲ್ಲೇ. ಶರಾವತಿ ಮುಳುಗಡೆಯ ಕುಟುಂಬಗಳ ಹಕ್ಕುಪತ್ರದ ಗೋಳು ಇಂದಿಗೂ ಕೇಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿರು ಅಂದಾಕ್ಷಣ ಪುಣ್ಯ ಅಂತಲ್ಲ. ಯಾರದೋ ನೆಲದ ಮೇಲೆ ನಿಂತೇ ಅದೂ ಬರುತ್ತದೆ. ಆ ಮಟ್ಟಿಗೆ ಪಾವಗಡ ಸ್ವಲ್ಪ ವಾಸಿ: ಸುಮಾರು 13,000 ಎಕರೆಯ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೆ ರೈತರಿಂದ ಜಮೀನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆ ಹಿಡಿದರು. ಜಮೀನಿಲ್ಲದ ಕೂಲಿಯವರಿಗೆ ಮಾತ್ರ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲವಾಯಿತು.

ಈಗ ಮುಂಬಯಿಗೆ ಹಸಿರು ಕರೆಂಟ್ ಬರಬೇಕಾದದ್ದು ಮತ್ತೆ ಹಾಗೆಯೇ, ದೂರದಿಂದ, ತಂತಿಯಲ್ಲಿ. ಉಪನಗರದ ಅದಾನಿ ವಿತರಣಾ ಕಂಪನಿ ರಾಜಸ್ಥಾನದ ಜೈಸಲ್ಮೇರಿನ 700 ಮೆಗಾವ್ಯಾಟ್ ಗಾಳಿ-ಸೂರ್ಯ ಯೋಜನೆಯಿಂದ ಯೂನಿಟ್‌ಗೆ 3.24 ರೂಪಾಯಿಗೆ ಕೊಳ್ಳುತ್ತಿದೆ. 2023ರ ಹೊತ್ತಿಗೆ ತನ್ನ ಪೂರೈಕೆಯಲ್ಲಿ ಶೇಕಡಾ 38 ನವೀಕರಿಸಬಹುದಾದದ್ದು ಎಂದು ಹೇಳಿಕೊಂಡಿದೆ. ದ್ವೀಪದಂತಿರುವ ಈ ನಗರಕ್ಕೆ ತಂತಿ ತರಲು ದಾರಿಯಿಲ್ಲದಿರುವುದು ಇನ್ನೊಂದು ತಡೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ಮುಂಬಯಿ ಕತ್ತಲಾಗಿ ಲೋಕಲ್ ರೈಲುಗಳು ನಿಂತದ್ದು, ಹೊರಗಿನ ತಂತಿಗಳು ಕೈಕೊಟ್ಟದ್ದರಿಂದ. ಆಮೇಲೆ ಖಾರ್‌ಘರ್-ವಿಕ್ರೋಳಿ ತಂತಿ 2023ರಲ್ಲಿ ಮುಗಿಯಿತು. ಕುಡುಸ್‌ನಿಂದ ನಮ್ಮ ಪಕ್ಕದ ಆರೆಗೆ 1,000 ಮೆಗಾವ್ಯಾಟ್ ತರುವ, ಹೆಚ್ಚಿನ ಪಾಲು ನೆಲದಡಿಯ ಮಾರ್ಗವನ್ನೂ ಕೈಗೆತ್ತಿಕೊಂಡರು.

ಮಾಡಿಲ್ಲದವನಿಗೆ ಇಲ್ಲೊಂದು ಬಾಗಿಲಿದೆ. 2021ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗ ಹಸಿರು ದರವನ್ನು ಒಪ್ಪಿತು. ಯೂನಿಟ್‌ಗೆ ಆಗಿನ ದರದಂತೆ 66 ಪೈಸೆ ಹೆಚ್ಚು ಕೊಟ್ಟರೆ, ನೀವು ಬಳಸಿದಷ್ಟೂ ವಿದ್ಯುತ್ತನ್ನು ಕಂಪನಿ ನವೀಕರಿಸಬಹುದಾದ ಮೂಲದಿಂದ ಕೊಂಡು ತರಬೇಕು. ಆ ದರದಲ್ಲಿ 200 ಯೂನಿಟಿನ ಮನೆಗೆ ತಿಂಗಳಿಗೆ 132 ರೂಪಾಯಿ. ಬಾಡಿಗೆದಾರನೂ ಕೇಳಬಹುದು, ಕಮಿಟಿಯ ಒಪ್ಪಿಗೆ ಬೇಡ. ನನ್ನ ಪ್ಲಗ್ಗಿಗೆ ಬರುವುದು ಅದೇ ಕರೆಂಟಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಅದೇ. ಊರಿನ ಹಾಲಿನ ಸೊಸೈಟಿಗೆ ನಿಮ್ಮ ದನದ ಹಾಲು ಹಾಕಿ, ಪೇಟೆಯಲ್ಲಿ ಪ್ಯಾಕೆಟ್ ಕೊಂಡರೆ ಅದು ನಿಮ್ಮ ದನದ್ದೇ ಆಗಿರುವುದಿಲ್ಲ. ಆದರೆ ಡಬ್ಬಿಗೆ ಒಳ್ಳೆಯ ಹಾಲು ಬಿದ್ದಷ್ಟೂ ಒಟ್ಟು ಹಾಲು ಒಳ್ಳೆಯದಾಗುತ್ತದೆ. ನನಗಿರುವ ತಕರಾರು ಬೇರೆ: ಜೈಸಲ್ಮೇರಿನ ಕರೆಂಟ್ ಕಲ್ಲಿದ್ದಲಿನದಕ್ಕಿಂತ ಅಗ್ಗಕ್ಕೆ ಸಿಗುವ ಕಾಲದಲ್ಲಿ ಹಸಿರು ಬೇಕೆನ್ನುವ ಗ್ರಾಹಕನಿಂದ ಹೆಚ್ಚು ಹಣ ಕೀಳುವುದಕ್ಕೆ ಸಮರ್ಥನೆ ಕಷ್ಟ. ಒಳ್ಳೆಯ ಮನಸ್ಸಿಗೆ ದಂಡ ಹಾಕಿದಂತಿದೆ.

ಪುನರ್ವಸತಿ ಕಟ್ಟಡಗಳವರ ಬಳಿ ಇಲ್ಲದ ಆ ಕಂತಿನ ವಿಚಾರದಲ್ಲಿ ನಮ್ಮ ಕರಾವಳಿಯವರು ಹೇಳಬಹುದಾದದ್ದಿದೆ. ಹರೀಶ್ ಹಂದೆ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಶುರುಮಾಡಿದಾಗ ಬಡವರಿಗೆ ಸೋಲಾರ್ ಹೇಳಿದ್ದಲ್ಲ ಎಂಬ ನಂಬಿಕೆಯಿತ್ತು. ಅವರು ಕಂಡುಕೊಂಡದ್ದು, ತಿಂಗಳಿಗೆ ಮುನ್ನೂರು ಕಟ್ಟಲಾಗದ ಬೀದಿ ವ್ಯಾಪಾರಿಗೆ ದಿನಕ್ಕೆ ಹತ್ತು ಕಟ್ಟುವುದು ಸಾಧ್ಯವೆಂಬುದು. ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ ಅಂಥ ಕಂತುಗಳಲ್ಲಿ ದೀಪ ಹಚ್ಚಿದರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದಿನದ ದುಡಿಮೆಗೆ ದಿನದ ಕಂತು ಎಂಬುದು ಉಡುಪಿಗೆ ಹೊಸತಲ್ಲ. ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಆರಂಭಿಸಿ ದಿನಕ್ಕೆ ಎರಡಾಣೆ ಮನೆಬಾಗಿಲಲ್ಲಿ ಸಂಗ್ರಹಿಸಿತ್ತು. ಮುಂಬಯಿಯಲ್ಲಿ ನಮ್ಮವರು ನಡೆಸುವ ಸಹಕಾರಿ ಬ್ಯಾಂಕುಗಳು, ಕ್ರೆಡಿಟ್ ಸೊಸೈಟಿಗಳು ಎಷ್ಟಿಲ್ಲ! ಪಿಗ್ಮಿ ಏಜೆಂಟ್ ಇಂದಿಗೂ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತಾನೆ. ಎಸ್‌ಆರ್‌ಎ ಸೊಸೈಟಿಯ ಹತ್ತು ಕಿಲೋವ್ಯಾಟಿಗೆ ಇದೇ ಜಾಲದಲ್ಲಿ ಸಾಲ ಕೊಟ್ಟು, ಉಳಿದ ಬಿಲ್ಲಿನ ಹಣದಿಂದಲೇ ಕಂತು ಹಿಡಿಯುವುದು ಯಾಕಾಗಬಾರದು?

ಜರ್ಮನಿಯಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಬಾಲ್ಕನಿಯ ಕಟಕಟೆಗೆ ಒಂದೆರಡು ಪ್ಯಾನೆಲ್ ತೂಗುಹಾಕಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದು, 800 ವ್ಯಾಟ್‌ವರೆಗೆ. 2024ರ ಕಾನೂನು ಬದಲಾವಣೆಯ ನಂತರ ಮನೆ ಮಾಲೀಕ ಸುಮ್ಮಸುಮ್ಮನೆ ಬೇಡವೆನ್ನುವಂತಿಲ್ಲ. ನಮ್ಮ ಕಿಟಕಿ ಗ್ರಿಲ್‌ಗಳಲ್ಲಿ ತುಳಸಿ, ಬಸಳೆ, ಒಣಗಲು ಹಾಕಿದ ಬಟ್ಟೆಗಳ ನಡುವೆ ಜಾಗ ಹುಡುಕುವುದು ಕಷ್ಟವೇ. ಅದಕ್ಕಿಂತ ದೆಹಲಿ 2019ರಲ್ಲಿ ತಂದ ವ್ಯವಸ್ಥೆ ನಮಗೆ ಹೊಂದೀತು: ಎಲ್ಲೋ ಒಂದು ಕಡೆ ಹಲವರು ಸೇರಿ ಸೋಲಾರ್ ಹಾಕಿ, ಅದರ ಯೂನಿಟ್‌ಗಳನ್ನು ಅವರವರ ಮನೆಯ ಬಿಲ್ಲಿನಲ್ಲಿ ಪಾಲಿನ ಪ್ರಕಾರ ಕಳೆಯುವುದು. ಆಗ ಕಟ್ಟಡ ಬಿದ್ದರೂ ಪಾಲು ಬೀಳುವುದಿಲ್ಲ. ಜೋಗೇಶ್ವರಿಯಂಥ ಕಡೆಗೆ ಬೇಕಾದದ್ದು ಇದೇ. ಪ್ಯಾನೆಲಿನ ಸಬ್ಸಿಡಿಯನ್ನು ಇನ್ನಷ್ಟು ಹೆಚ್ಚಿಸುವುದಲ್ಲ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಯಾಕೆಂದರೆ ಹಾಕಿಸಿಕೊಂಡ ಮೇಲೆ ಅತಿ ಹೆಚ್ಚು ಬೈಗುಳ ಬರುವುದು ಇದಕ್ಕೆ. ಬ್ಯಾಟರಿ ಇಲ್ಲದ ಸಾಮಾನ್ಯ ಸೋಲಾರ್, ಬೀದಿಯ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ. ತಂತಿ ರಿಪೇರಿ ಮಾಡುವ ಲೈನ್‌ಮನ್‌ಗೆ ನಿಮ್ಮ ಟೆರೇಸಿನಿಂದ ಶಾಕ್ ಹೊಡೆಯದಿರಲೆಂದು ಇನ್ವರ್ಟರನ್ನು ಹಾಗೆ ಮಾಡಿರುತ್ತಾರೆ. ಲಿಫ್ಟ್ ನಿಲ್ಲುವುದಿಲ್ಲ ಎಂದು ಯಾರಾದರೂ ಮಾತುಕೊಟ್ಟರೆ ಬರೆದುಕೊಡಲು ಹೇಳಿ.

ಮತ್ತೆ, ಬಿಲ್ಡಿಂಗೇ ಹೋಗ್ತದೆ ಅನ್ನುವ ಸೆಕ್ರೆಟರಿಗೆ ಏನು ಹೇಳುವುದು? ನಟ್ಟು ಬೋಲ್ಟು ಬಿಚ್ಚಿದರೆ ಪ್ಯಾನೆಲ್ ಕೆಳಗೆ ಬರುತ್ತದೆ, ಬೇರೆ ಕಡೆ ಕೂರುತ್ತದೆ. ಬಿಲ್ಡರನ ಜೊತೆಗಿನ ಕರಾರಿನಲ್ಲಿ ಕಾರ್ಪೆಟ್ ಏರಿಯಾ, ಕಾರ್ಪಸ್ ಫಂಡ್, ಪಾರ್ಕಿಂಗ್ ಎಂದು ಪುಟಗಟ್ಟಲೆ ಬರೆಯಿಸುವವರು, ಪ್ಯಾನೆಲುಗಳನ್ನು ಜೋಪಾನವಾಗಿ ಇಳಿಸಿ ಹೊಸ ಕಟ್ಟಡದ ಮೇಲೆ ಕೂರಿಸಿಕೊಡತಕ್ಕದ್ದು ಎಂಬ ಒಂದು ಸಾಲನ್ನೂ ಸೇರಿಸಬಹುದು. ರೀಡೆವಲಪ್‌ಮೆಂಟ್ ಮಾತು ಶುರುವಾದ ದಿನದಿಂದ ಮೊದಲ ಸುತ್ತಿಗೆ ಬೀಳುವವರೆಗೆ ಐದು ವರ್ಷ ಹಿಡಿಯುವುದು ಈ ಊರಲ್ಲಿ ಅಪರೂಪವೇನಲ್ಲ. ಹಾಕಿದ ಹಣ ಮರಳಲು ಅಷ್ಟು ಕಾಲವೂ ಬೇಡ.

ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರ ಒಳಗೆ ಆಗಲೇಬೇಕು, ಅದಕ್ಕೆ ಹದಿನಾಲ್ಕು ದಿನ ಮೊದಲು ನೋಟಿಸ್ ಬರುತ್ತದೆ. ನೋಟಿಸ್ ಅಚ್ಚಾದ ಮೇಲೆ ಎದ್ದು ಮಾತಾಡಿದರೆ 'ಎನಿ ಅದರ್ ಮ್ಯಾಟರ್' ಎಂದು ಕೊನೆಗೆ ತಳ್ಳುತ್ತಾರೆ, ಆ ಹೊತ್ತಿಗೆ ಎಲ್ಲರ ಕಣ್ಣು ತಿಂಡಿಯ ಪೊಟ್ಟಣದ ಮೇಲಿರುತ್ತದೆ. ಆದ್ದರಿಂದ ಈಗಲೇ ಅರ್ಧ ಪುಟದ ಅರ್ಜಿ ಬರೆಯಿರಿ: ಕಾಮನ್ ಮೀಟರಿನ ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಸಭೆಯ ಮುಂದಿಡಿ, ಸೋಲಾರ್ ವಿಷಯವನ್ನು ಅಜೆಂಡಾದಲ್ಲಿ ಸೇರಿಸಿ, ಕನ್ವೇಯನ್ಸ್ ಯಾವ ಹಂತದಲ್ಲಿದೆ ತಿಳಿಸಿ ಎಂದು. ಸೆಕ್ರೆಟರಿಯ ಕೈಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಕಿನ ಸಮೇತ ಸಹಿ ಹಾಕಿಸಿಕೊಳ್ಳಲು ಮರೆಯಬೇಡಿ.